ಕುರಿಯ ಮೇವಿನ ಲೆಕ್ಕ

“ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಪ್ರೌಢಶಾಲೆಯ ಮಕ್ಕಳಿಗೆ ಗಾದೆಯ ವಿಸ್ತರಣೆ ಬರೆಸುವಾಗ ಇದನ್ನೂ ಒಮ್ಮೊಮ್ಮೆ ಕೊಡುವುದುಂಟು. ಸಾಮಾನ್ಯವಾಗಿ ಮಕ್ಕಳು ದುಡಿಮೆ, ಶ್ರದ್ಧೆ, ಫಲ ಎಂದು ನಾಲ್ಕು ಮಾತು ಬರೆದು ಮುಗಿಸುತ್ತಾರೆ. ಒಬ್ಬ ಹುಡುಗ ಮಾತ್ರ, “ಹಿಂಡಿಯ ಬೆಲೆ ಎಷ್ಟೆಂದು ಗೊತ್ತಾಗದೆ ಈ ಗಾದೆ ನಿಜವೋ ಸುಳ್ಳೋ ಹೇಳಲಾಗುವುದಿಲ್ಲ” ಎಂದು ಬರೆದಿದ್ದ. ಅವನ ಮನೆಯಲ್ಲಿ ಕುರಿ ಸಾಕುತ್ತಾರೆ. ಅಂಕ ಕೊಡುವುದೇನೋ ಸುಲಭವಾಯಿತು. ಆ ಮಾತಿಗೆ ಉತ್ತರ ಕೊಡುವುದು ಅಷ್ಟು ಸುಲಭವಾಗಲಿಲ್ಲ. ಗಾದೆ ಹುಟ್ಟಿದ ಕಾಲದಲ್ಲಿ ಕುರಿ ಬಯಲಿನಲ್ಲಿ ಮೇಯುತ್ತಿತ್ತು. ಮೇವಿಗೆ ಬೆಲೆಯಿರಲಿಲ್ಲ, ಆದುದರಿಂದ ಕೊಬ್ಬಿದ್ದೆಲ್ಲ ಲಾಭವೇ ಆಗುತ್ತಿತ್ತು. ಮೇವನ್ನು ದುಡ್ಡು ಕೊಟ್ಟು ತರುವವನಿಗೂ ಗಾದೆ ಸಲ್ಲುತ್ತದೆಯೆ ಎಂಬುದೇ ಈ ಹೊತ್ತಿನ ವಿಚಾರ.

ಬೆಂಗಳೂರಿನ ಪೂರ್ವದಲ್ಲಿ, ಹಳೆಯ ಮದ್ರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಕಡೆ ಟಿನ್ ಫ್ಯಾಕ್ಟರಿ ಎಂಬ ಸ್ಥಳವಿದೆ. ಹೊಸಕೋಟೆ, ಕೋಲಾರ, ಚಿಂತಾಮಣಿಗಳ ಕಡೆಗೆ ಹೋಗುವವರು ಬಸ್ಸಿಗಾಗಿ ಕಾಯುವ ಜಾಗ. ಒಂದು ಕಡೆ ಬೆನ್ನಿಗಾನಹಳ್ಳಿ, ಇನ್ನೊಂದು ಕಡೆ ಕೃಷ್ಣರಾಜಪುರ; ರೈಲುಹಳಿಯ ಮೇಲೆ 2003ರಲ್ಲಿ ತೆರೆದ ತೂಗುಸೇತುವೆ; 2023ರಿಂದ ತಲೆಯ ಮೇಲೆ ಮೆಟ್ರೋ ರೈಲು. ಇಂಥ ಕಡೆ ಕುರಿ ಎಲ್ಲಿಯದು ಎಂದು ಕೇಳುವವರು ಮುಖ್ಯರಸ್ತೆ ಬಿಟ್ಟು ಒಳಗಿನ ಹಳೆಯ ಹಳ್ಳಿಯ ಬೀದಿಗಳಿಗೆ ಬರಬೇಕು. ಹಿತ್ತಲಲ್ಲೋ, ಖಾಲಿ ನಿವೇಶನದ ತಗಡಿನ ಮಾಡಿನಲ್ಲೋ ಐದು, ಹತ್ತು ಟಗರುಮರಿ ಕಟ್ಟಿಕೊಂಡವರು ಇಂದಿಗೂ ಇದ್ದಾರೆ. ಜಾತಿಯಿಂದ ಕುರುಬರೇ ಆಗಬೇಕೆಂದಿಲ್ಲ. ಆಟೋ ಓಡಿಸುವವರು, ತರಕಾರಿ ಮಾರುವವರು, ಕಾರ್ಖಾನೆಯಿಂದ ನಿವೃತ್ತರಾದವರು ಎಲ್ಲರೂ ಉಂಟು. ಹೊರಗಿನ ಸಂತೆಯಲ್ಲಿ ಮರಿ ಕೊಂಡು, ನಾಲ್ಕು ತಿಂಗಳು ಸಾಕಿ, ಬಕ್ರೀದ್ ಹಬ್ಬಕ್ಕೆ ಮಾರುವುದು ಇವರ ವ್ಯಾಪಾರ. ಒಂದು ಮನೆಗೆ ಆ ಹಣ ಮಗಳ ಕಾಲೇಜಿನ ಶುಲ್ಕ, ಇನ್ನೊಂದು ಮನೆಗೆ ಮನೆ ಬಾಡಿಗೆಯ ಮುಂಗಡ. ನಷ್ಟವಾದರೆ ಆ ವರ್ಷ ಬಡ್ಡಿ ಸಾಲವೇ ಗತಿ.

ಇಲ್ಲಿ ಪಂಚಾಂಗದ ಮಾತೊಂದನ್ನು ಹೇಳಬೇಕು. ನಮ್ಮ ಚಾಂದ್ರಮಾನದಲ್ಲಿ ಅಧಿಕಮಾಸ ಬಂದು ಹಬ್ಬಗಳನ್ನು ಋತುವಿಗೆ ಕಟ್ಟಿಹಾಕುತ್ತದೆ. ಇಸ್ಲಾಮೀ ಚಾಂದ್ರಮಾನದಲ್ಲಿ ಅಧಿಕಮಾಸವಿಲ್ಲ. ಆದುದರಿಂದ ಬಕ್ರೀದ್ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2015ರಲ್ಲಿ ಅದು ಸೆಪ್ಟೆಂಬರ್ ಕೊನೆಯಲ್ಲಿ ಬಂದಿತ್ತು. ಮರಿಗಳನ್ನು ಬೆಳೆಸಬೇಕಾದ ತಿಂಗಳುಗಳು ಮಳೆಗಾಲದವು. ಬದುವಿನಲ್ಲಿ, ಕೆರೆಯಂಗಳದಲ್ಲಿ ಹಸಿ ಹುಲ್ಲು. 2025ರಲ್ಲಿ ಹಬ್ಬ ಬಂದದ್ದು ಜೂನ್ 7ರಂದು. ಎಂದರೆ ಮರಿ ಕೊಬ್ಬಬೇಕಾದದ್ದು ಫೆಬ್ರವರಿಯಿಂದ ಮೇ ತಿಂಗಳವರೆಗೆ, ವರ್ಷದಲ್ಲೆಲ್ಲ ಒಣಗಿದ ಕಾಲದಲ್ಲಿ. ಮೇಲಾಗಿ ನಗರದ ಎಷ್ಟೋ ಕೆರೆಗಳಿಗೆ ಬೇಲಿ ಬಿದ್ದು ಅಲ್ಲಿ ಮೇಯಿಸುವ ಹಾಗಿಲ್ಲ. ಉಳಿದದ್ದು ಒಣ ಮೇವು: ನವೆಂಬರ್, ಡಿಸೆಂಬರಿನಲ್ಲಿ ಕೊಯ್ದು ಬಡಿದ ರಾಗಿಯ ಹುಲ್ಲು, ಮುಸುಕಿನ ಜೋಳದ ದಂಟು, ಅವರೆ ತೊಗರಿಗಳ ಹೊಟ್ಟು, ಕಡಲೆಕಾಯಿಯ ಬಳ್ಳಿ.

ಒಣ ಹುಲ್ಲನ್ನು ತಿಂದು ಕುರಿ ಬದುಕುವುದು ಹೇಗೆ ಎಂದರೆ, ನಿಜವಾಗಿ ಅದನ್ನು ಜೀರ್ಣಿಸುವುದು ಕುರಿಯಲ್ಲ. ಅದರ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಹುಲ್ಲಿನ ನಾರನ್ನು ಒಡೆಯುವುದು ಅವು; ಕುರಿ ಮೆಲುಕು ಹಾಕಿ ಅವಕ್ಕೆ ನುರಿಸಿ ಕೊಡುತ್ತದೆ, ಅಷ್ಟೆ. ಈ ಜೀವಿಗಳಿಗೆ ಎರಡು ಬೇಕು. ಒಂದು, ಒಡೆಯಲು ಸಿಕ್ಕುವಂಥ ನಾರು. ಎರಡು, ತಮ್ಮ ಮೈ ಬೆಳೆಸಿಕೊಳ್ಳಲು ಸಾರಜನಕ. ಬಲಿತು ಒಣಗಿದ ಹುಲ್ಲಿನಲ್ಲಿ ನಾರು ಮರದಂಥ ಲಿಗ್ನಿನ್ ಎಂಬ ವಸ್ತುವಿನೊಡನೆ ಬೆಸೆದುಕೊಂಡು ಬಿಗಿದಿರುತ್ತದೆ. ಪ್ರೋಟೀನಾದರೋ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ನೂರಕ್ಕೆ ಏಳರ ಆಸುಪಾಸಿನಲ್ಲಿ ಇಲ್ಲದಿದ್ದರೆ ಆ ಜೀವಿಗಳಿಗೆ ಅರೆಹೊಟ್ಟೆ. ಅವು ಹಸಿದರೆ ಹುಲ್ಲು ಕರಗುವುದು ನಿಧಾನ. ಹುಲ್ಲು ಕರಗದಿದ್ದರೆ ಹೊಟ್ಟೆ ಖಾಲಿಯಾಗದು. ಹೊಟ್ಟೆ ಖಾಲಿಯಾಗದೆ ಕುರಿ ಇನ್ನಷ್ಟು ತಿನ್ನದು. ಗೋದಲಿಯ ತುಂಬ ಹುಲ್ಲಿದ್ದರೂ ಕುರಿ ಸೊರಗುವುದರ ಗುಟ್ಟು ಇದೇ.

ಇದಕ್ಕೆ ಮದ್ದು ಹುಡುಕಿದವರು ಹಲವರು. ಮೊದಲ ಮಹಾಯುದ್ಧದ ಕಾಲದ ಮೇವಿನ ಕೊರತೆಯಲ್ಲಿ ಜರ್ಮನಿಯ ಬೆಕ್‌ಮನ್ ಎಂಬ ರಸಾಯನಶಾಸ್ತ್ರಜ್ಞ ಹುಲ್ಲನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ ನೆನೆಸಿ ತೊಳೆದು ದನಗಳಿಗೆ ಕೊಡುವ ಮಾರ್ಗವನ್ನು ರೂಪಿಸಿದ. ಹುಲ್ಲು ಮೆತ್ತಗಾಯಿತು, ಆದರೆ ತೊಳೆಯಲು ಹೊಳೆಯಷ್ಟು ನೀರು ಬೇಕು. ತೊಳೆದ ನೀರಿನೊಡನೆ ಹುಲ್ಲಿನ ಸತ್ತ್ವವೂ ಒಂದಷ್ಟು ಹೋಗುತ್ತದೆ. ಆಮೇಲೆ ಅಮೋನಿಯ ಅನಿಲದ ಪದ್ಧತಿ ಬಂತು. ನಮ್ಮಂಥ ದೇಶಗಳ ರೈತನಿಗೆ ಅಮೋನಿಯದ ಸಿಲಿಂಡರು ಎಲ್ಲಿಂದ ಬರಬೇಕು? ಆದರೆ ಗೊಬ್ಬರದಂಗಡಿಯ ಯೂರಿಯ ಒದ್ದೆ ಹುಲ್ಲಿನಲ್ಲಿ ತಾನೇ ಅಮೋನಿಯವಾಗಿ ಒಡೆಯುತ್ತದೆ. 1980ರ ದಶಕದ ಹೊತ್ತಿಗೆ ಶ್ರೀಲಂಕಾ, ಬಾಂಗ್ಲಾದೇಶ, ಭಾರತಗಳಲ್ಲಿ ಈ ವಿಧಾನದ ಮೇಲೆ ಸಾಕಷ್ಟು ಪ್ರಯೋಗ ನಡೆಯಿತು. ನಮ್ಮ ಆಡುಗೋಡಿಗೂ ಇದರಲ್ಲಿ ಪಾಲುಂಟು. 1923ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯೇ ಇಂದಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ಮೂಲ. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ವಿದ್ಯಾರ್ಥಿಯಂತೆ ಹಸುಗಳ ಪಾಲನೆಯನ್ನು ಕಲಿತದ್ದನ್ನು ಹಿರಿಯರು ಬಲ್ಲರು. 1955ರಲ್ಲಿ ಕೇಂದ್ರ ಕಚೇರಿ ಕರ್ನಾಲಿಗೆ ಹೋಯಿತು, ದಕ್ಷಿಣದ ಶಾಖೆ ಇಲ್ಲಿ ಉಳಿಯಿತು. ಪಶುಪೋಷಣೆಯ ರಾಷ್ಟ್ರೀಯ ಸಂಸ್ಥೆಯೂ 1995ರಲ್ಲಿ ಆಡುಗೋಡಿಯಲ್ಲೇ ಸ್ಥಾಪನೆಯಾಯಿತು. ಒಣಹುಲ್ಲಿನ ವಿಚಾರದಲ್ಲಿ ಲೆಕ್ಕ ಬಲ್ಲ ಜನ ಟಿನ್ ಫ್ಯಾಕ್ಟರಿಗೆ ಒಂದು ಬಸ್ಸಿನ ದೂರದಲ್ಲಿದ್ದಾರೆ ಎಂದು ತಾತ್ಪರ್ಯ.

ವಿಧಾನ ಕಷ್ಟದ್ದಲ್ಲ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯ, ಸುಮಾರು ಐವತ್ತು ಲೀಟರು ನೀರು. ಯೂರಿಯವನ್ನು ನೀರಿನಲ್ಲಿ ಪೂರ್ತಿ ಕರಗಿಸಬೇಕು. ಹುಲ್ಲನ್ನು ಪದರಪದರವಾಗಿ ಹರಡಿ, ಪದರಕ್ಕೊಮ್ಮೆ ಹೂವಿನ ಗಿಡಕ್ಕೆ ನೀರು ಹನಿಸುವ ಝರಿಯಿಂದ ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿದು ಗಾಳಿ ಹೊರಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮೆತ್ತಬೇಕು. ಮೂರು ವಾರ ಮುಟ್ಟಕೂಡದು. ತೆರೆದಾಗ ಮೂಗಿಗೆ ಹೊಡೆಯುವ ಘಾಟು ಬಂದರೆ, ಹುಲ್ಲು ಕಂದುಹಳದಿಗೆ ತಿರುಗಿ ಮೆತ್ತಗಾಗಿದ್ದರೆ ಹದ ಬಂತೆಂದು ಅರ್ಥ. ಬೂಷ್ಟು ಹಿಡಿದ ಭಾಗವನ್ನು ತಿಪ್ಪೆಗೆ ಹಾಕಿ. ಆ ದಿನಕ್ಕೆ ಬೇಕಾದಷ್ಟನ್ನು ತೆಗೆದು, ಘಾಟು ಹೋಗುವವರೆಗೆ ಗಾಳಿಗೆ ಹರಡಿ, ಆಮೇಲೆ ಕೊಡಬೇಕು. ಮಿಕ್ಕದ್ದನ್ನು ಮತ್ತೆ ಮುಚ್ಚಬೇಕು. ಇಷ್ಟು ಮಾಡಿದರೆ ಹುಲ್ಲಿನ ಪ್ರೋಟೀನಿನ ಅಂಶ ನೂರಕ್ಕೆ ಏಳರ ಸುಮಾರಿಗೆ ಏರುತ್ತದೆ, ನಾರಿನ ಬಿಗಿ ಸಡಿಲುತ್ತದೆ, ಕುರಿ ಹೆಚ್ಚು ತಿನ್ನುತ್ತದೆ, ತಿಂದದ್ದು ಹೆಚ್ಚು ಮೈಗೆ ಹತ್ತುತ್ತದೆ.

ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಯೂರಿಯದ ನೀರನ್ನು ಕುರಿ ಕುಡಿದರೆ ಬದುಕುವುದು ಕಷ್ಟ. ಕಾರಣ ಸರಳ: ಮೂರು ವಾರದಲ್ಲಿ ಮೆಲ್ಲಗೆ ಆಗಬೇಕಾದ ಕೆಲಸ ಹೊಟ್ಟೆಯೊಳಗೆ ಅರ್ಧ ಗಂಟೆಯಲ್ಲಿ ಆಗಿ ಅಮೋನಿಯ ರಕ್ತಕ್ಕೇರುತ್ತದೆ. “ಹುಲ್ಲಿಗೆ ಹಾಕಿದರೆ ಒಳ್ಳೆಯದಂತೆ, ಬೂಸದಲ್ಲೇ ಒಂದು ಹಿಡಿ ಕಲಸಿಬಿಡೋಣ” ಎಂಬ ಬುದ್ಧಿ ಯಾರಿಗೂ ಬಾರದಿರಲಿ. ಕರಗಿಸಿದ ಬಕೆಟ್ಟನ್ನು ಮಕ್ಕಳಿಗೂ ಪ್ರಾಣಿಗಳಿಗೂ ಎಟುಕದ ಕಡೆ ಇಟ್ಟು, ಕೆಲಸ ಮುಗಿದೊಡನೆ ತೊಳೆದಿಡಬೇಕು. ಹಾಲು ಬಿಡದ ಎಳೆಯ ಮರಿಗಳಿಗೆ ಈ ಹುಲ್ಲು ಸಲ್ಲದು. ದೊಡ್ಡವಕ್ಕೂ ಒಂದು ವಾರ ಹತ್ತು ದಿನ ಹಳೆಯ ಹುಲ್ಲಿನೊಡನೆ ಬೆರೆಸಿ ಅಭ್ಯಾಸ ಮಾಡಿಸಬೇಕು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಕಾಗದ ಪೆನ್ಸಿಲು ಹತ್ತಿರವಿದ್ದರೆ ತೆಗೆದುಕೊಳ್ಳಿ. ನಾನು ಹೇಳುವ ಬೆಲೆಗಳೂ ಪ್ರಮಾಣಗಳೂ ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಬೆಲೆಯನ್ನು ಆ ಜಾಗದಲ್ಲಿ ಬರೆದುಕೊಳ್ಳಿ. ಎಂಟು ತಿಂಗಳ, ಹದಿನೈದು ಕಿಲೋ ತೂಕದ ಹತ್ತು ಮರಿ. ನಾಲ್ಕು ತಿಂಗಳಲ್ಲಿ ಒಂದೊಂದೂ ಹತ್ತು ಕಿಲೋ ಏರಬೇಕು. ಸರಾಸರಿ ಇಪ್ಪತ್ತು ಕಿಲೋ ತೂಕದ ಕುರಿ ದಿನಕ್ಕೆ ಸುಮಾರು 700 ಗ್ರಾಂ ಒಣಮೇವು ತಿನ್ನುತ್ತದೆಂದು ಇಟ್ಟುಕೊಳ್ಳಿ. ಬರಿಯ ಒಣಹುಲ್ಲಿನಲ್ಲಿ ಈ ತೂಕ ಬಾರದು, ಇದ್ದ ತೂಕವೂ ಇಳಿದೀತು. ಹದಮಾಡಿದ ಹುಲ್ಲೊಂದನ್ನೇ ಕೊಟ್ಟರೆ ಹೆಚ್ಚೆಂದರೆ ತೂಕ ನಿಂತೀತು. ಆದುದರಿಂದ ಎರಡರೊಡನೆಯೂ ಹಿಂಡಿ ಬೂಸಗಳ ಮಿಶ್ರಣ ಬೇಕೇ ಬೇಕು. ಪ್ರಶ್ನೆ ಎಷ್ಟು ಎಂಬುದು.

ಹದಮಾಡದ ಹುಲ್ಲಾದರೆ ದಿನಕ್ಕೆ 400 ಗ್ರಾಂ ಹುಲ್ಲಿಗೆ 300 ಗ್ರಾಂ ಮಿಶ್ರಣ ಬೇಕು. ಹದಮಾಡಿದ್ದಾದರೆ 500 ಗ್ರಾಂ ಹುಲ್ಲಿಗೆ 200 ಗ್ರಾಂ ಮಿಶ್ರಣ ಸಾಕು. ಎರಡರಲ್ಲೂ ಮೈಗೆ ಹತ್ತುವ ಸತ್ತ್ವ ಹೆಚ್ಚುಕಡಮೆ ಒಂದೇ. ಹತ್ತು ಮರಿಗೆ 120 ದಿನಗಳಲ್ಲಿ ಉಳಿಯುವ ಮಿಶ್ರಣ 120 ಕಿಲೋ. ಕಿಲೋಗೆ 30 ರೂಪಾಯಿಯಂತೆ 3,600 ರೂಪಾಯಿ. ಇದು ಜಮಾ. ಖರ್ಚು ನೋಡಿ. ಹೆಚ್ಚಿಗೆ ಬೇಕಾದ ಹುಲ್ಲು 120 ಕಿಲೋ, ಕಿಲೋಗೆ 5 ರೂಪಾಯಿಯಂತೆ 600. ಒಟ್ಟು 600 ಕಿಲೋ ಹುಲ್ಲಿಗೆ 24 ಕಿಲೋ ಯೂರಿಯ. 45 ಕಿಲೋ ಮೂಟೆ ಸಹಾಯಧನದ ದರದಲ್ಲಿ 266 ರೂಪಾಯಿ 50 ಪೈಸೆ, ಎಂದರೆ ಕಿಲೋಗೆ ಆರು ರೂಪಾಯಿ. 150 ಎಂದು ಬರೆಯಿರಿ. ಪ್ಲಾಸ್ಟಿಕ್ ಹಾಳೆಯ ಸವಕಳಿ 100. ಇಬ್ಬರು ಆಳಿನ ಒಂದು ದಿನದ ಕೂಲಿ 1,000. ಕೂಡಿಸಿದರೆ 1,850. ಉಳಿತಾಯ 1,750, ಮರಿಗೆ 175 ರೂಪಾಯಿ.

ಇದು ಹುಲ್ಲು ಬೆಳೆಯುವ ಹಳ್ಳಿಯ ಲೆಕ್ಕ. ಅದೇ ಹುಲ್ಲು ಲಾರಿಯೇರಿ ಟಿನ್ ಫ್ಯಾಕ್ಟರಿಗೆ ಬರಲಿ. ಹೊರೆಗಟ್ಟುವ ಕೂಲಿ, ಬಾಡಿಗೆ, ದಲ್ಲಾಳಿ ಎಲ್ಲ ಸೇರಿ ಕಿಲೋಗೆ 15 ರೂಪಾಯಿ ಬಿತ್ತು ಎನ್ನೋಣ. ಪಟ್ಟಣದ ಆಳಿಗೆ ದಿನಕ್ಕೆ 800. ಆಗ ಹೆಚ್ಚಿನ ಹುಲ್ಲಿಗೆ 1,800, ಕೂಲಿಗೆ 1,600, ಯೂರಿಯ ಹಾಳೆಗಳಿಗೆ ಹಿಂದಿನ 250, ಒಟ್ಟು 3,650. ಉಳಿಸಿದ್ದು 3,600. ಐವತ್ತು ರೂಪಾಯಿ ಕೈಯಿಂದ ಹೋಯಿತು, ಮೂರು ವಾರ ಘಾಟು ಕುಡಿದದ್ದು ಬೇರೆ. ಯೂರಿಯ ಎರಡು ಕಡೆಯೂ ಅದೇ, ಕುರಿಯ ಹೊಟ್ಟೆಯೂ ಅದೇ. ಬದಲಾದದ್ದು ಹುಲ್ಲಿನ ಬೆಲೆ, ಕೂಲಿಯ ಬೆಲೆ.

ಈ ವಿಧಾನವನ್ನು ಹಳ್ಳಿಹಳ್ಳಿಗೆ ಒಯ್ದು ತೋರಿಸಿದರೂ ನಮ್ಮಲ್ಲಿ ಏಕೆ ಹಬ್ಬಲಿಲ್ಲ ಎಂಬ ಆಕ್ಷೇಪಣೆಗೆ ಇದೇ ಸಮಾಧಾನ. ಚೀನಾದಲ್ಲಿ 1990ರ ದಶಕದಲ್ಲಿ ಸರ್ಕಾರವೇ ಮುಂದೆ ನಿಂತು ಇದನ್ನು ಬಹು ದೊಡ್ಡ ಪ್ರಮಾಣದಲ್ಲಿ ಹಬ್ಬಿಸಿತು. ನಮ್ಮಲ್ಲಿ ಭಾರತ ಮತ್ತು ನೆದರ್‌ಲೆಂಡ್ಸ್ ಜಂಟಿಯಾಗಿ ಹುಲ್ಲಿನ ಬಗ್ಗೆ ವರ್ಷಗಟ್ಟಲೆ ಕೆಲಸ ನಡೆಸಿದವು. ಆಗ ತಜ್ಞರು ಕಂಡುಕೊಂಡದ್ದೂ ಇದನ್ನೇ: ಒಣಹುಲ್ಲು ಯಥೇಚ್ಛವಾಗಿದ್ದು, ಹಸಿಮೇವು ಇಲ್ಲದೆ, ಹಿಂಡಿ ದುಬಾರಿಯಾಗಿದ್ದು, ನೀರೂ ಆಳೂ ಕೈಗೆ ಸಿಕ್ಕುವ ಕಡೆ ಮಾತ್ರ ಇದು ಗಿಟ್ಟುತ್ತದೆ. ರೈತ ಹೊಸದನ್ನು ಒಪ್ಪುವುದಿಲ್ಲ ಎಂದು ಬೈಯುವವರು ಮೊದಲು ರೈತನ ಲೆಕ್ಕವನ್ನು ಓದಬೇಕು. ಅವನು ಅದನ್ನು ಬರೆದಿಡುವುದಿಲ್ಲ, ಆದರೆ ಬಾಯಲ್ಲಿ ಹೇಳಬಲ್ಲ.

ಹಾಗಾದರೆ ಪಟ್ಟಣದವನು ಏನು ಮಾಡಬೇಕು? ಅವನಿಗೆ ಹದಮಾಡುವುದಕ್ಕಿಂತ ಪೂರಕ ಆಹಾರದಲ್ಲಿ ಜಾಣತನ ಬೇಕು. ಸಾರಜನಕಕ್ಕೆ ಹಸಿದ ಹೊಟ್ಟೆಗೆ ಮೊದಲ ಐವತ್ತು, ನೂರು ಗ್ರಾಂ ಕಡಲೆಕಾಯಿ ಹಿಂಡಿ ಮಾಡುವ ಉಪಕಾರವನ್ನು ಆಮೇಲಿನ ನೂರು ಗ್ರಾಂ ಮಾಡದು. ಮೊದಲಿನದು ಹುಲ್ಲನ್ನೇ ಕರಗಿಸಲು ನೆರವಾಗುತ್ತದೆ. ಮುಂದಿನದು ಬರಿಯ ತನ್ನ ಸತ್ತ್ವವನ್ನಷ್ಟೇ ಕೊಡುತ್ತದೆ. ಅದಕ್ಕೂ ಮೀರಿ ಧಾನ್ಯ ಸುರಿದರೆ ಹೊಟ್ಟೆ ಹುಳಿಯಾಗಿ ಕುರಿ ಮೇವು ಬಿಡುತ್ತದೆ. ನುಗ್ಗೆ, ಅಗಸೆ, ಸುಬಾಬುಲ್ ಸೊಪ್ಪು ಸಿಕ್ಕಿದರೆ ಅದೂ ಹಿಂಡಿಯ ಕೆಲಸವನ್ನು ಭಾಗಶಃ ಮಾಡುತ್ತದೆ. ಕೃಷ್ಣರಾಜಪುರದ ಸಂತೆ ಮುಗಿದ ಮೇಲೆ ಬಿದ್ದಿರುವ ಹೂಕೋಸಿನ ಎಲೆ, ಜೋಳದ ತೆನೆಯ ಸಿಪ್ಪೆ ಬಿಟ್ಟಿ ಮೇವು. ಒಂದು ಮಾತು, ಅದರೊಳಗಿನ ಪ್ಲಾಸ್ಟಿಕ್ ಚೀಲ, ದಾರಗಳನ್ನು ಕೈಯಿಂದಲೇ ಆರಿಸಿ ತೆಗೆಯಬೇಕು. ಹುಲ್ಲು ಕೊಳ್ಳುವಾಗಲೂ ಹೊರೆಯ ಗಾತ್ರ ನೋಡದೆ ಎಲೆ ಎಷ್ಟು, ಬರಿಯ ಕಡ್ಡಿ ಎಷ್ಟು ಎಂದು ನೋಡಿದರೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇಷ್ಟಕ್ಕಿಂತ ದೊಡ್ಡ ಅಂಕಿಯೊಂದು ಇನ್ನೂ ಉಳಿದಿದೆ. ಹದಿನೈದು ಕಿಲೋ ಮರಿಯನ್ನು ತೂಕಕ್ಕೆ ಕಿಲೋಗೆ 350ರಂತೆ ಕೊಂಡರೆ ಅದರ ಬೆಲೆ 5,250. ಹತ್ತರಲ್ಲಿ ಒಂದು ಸತ್ತರೆ, ಹಳ್ಳಿಯಲ್ಲಿ ಹುಲ್ಲು ಹದಮಾಡಿ ಉಳಿಸಿದ ಹಣದ ಮೂರರಷ್ಟು ಹೋದ ಹಾಗೆ. ಮೇವು ಒಮ್ಮೆಲೇ ಬದಲಾಗಿ ಹಿಂಡಿ ಧಾನ್ಯ ಹೆಚ್ಚಾದಾಗಲೇ ಕರುಳುಬೇನೆ ಹೊಂಚುಹಾಕುವುದು, ಅದೂ ಮಂದೆಯಲ್ಲಿ ಚೆನ್ನಾಗಿ ಮೈತುಂಬಿಕೊಂಡ ಮರಿಗೇ ಮೊದಲು. ಇದಕ್ಕೆ ಲಸಿಕೆಯುಂಟು, ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ. ಮರಿ ತಂದೊಡನೆ ಪಶುವೈದ್ಯರನ್ನು ಕಂಡು ಲಸಿಕೆ ಹಾಕಿಸಿ, ಜಂತಿನ ಔಷಧ ಕುಡಿಸಿ, ಆಮೇಲೆ ಹಿಂಡಿಯ ಚೀಲ ಬಿಚ್ಚುವುದು ಕ್ರಮ. ಯೂರಿಯದ ಚರ್ಚೆಯಲ್ಲಿ ಅರ್ಧ ದಿನ ಕಳೆಯುವ ಜನ ಇದಕ್ಕೆ ಅರ್ಧ ಗಂಟೆ ಕೊಡದಿರುವುದು ನನಗೆ ಸೋಜಿಗ.

ನಮ್ಮ ಕಡೆಯ ಒಬ್ಬರು ಸಾಕಣೆಗಾರರು ಈ ಲೆಕ್ಕವನ್ನೆಲ್ಲ ಕೇಳಿಸಿಕೊಂಡು, “ಅಲ್ಲಾ ಮೇಷ್ಟ್ರೇ, ಹುಲ್ಲನ್ನ ಕುರಿ ಹತ್ರ ತರೋದಕ್ಕೆ ಇಷ್ಟು ಖರ್ಚಾದ್ರೆ, ಕುರೀನೇ ಹುಲ್ಲಿನ ಹತ್ರ ಕಳಿಸಿದ್ರೆ ಆಯ್ತಲ್ಲ?” ಎಂದರು. ಪುಸ್ತಕ ಓದಿದವರಿಗೆ ತೋಚದ್ದು. ಹೊಸಕೋಟೆಯಿಂದಾಚೆ ಅವರ ಭಾವಮೈದನ ಹೊಲವಿದೆ, ಕಣದಲ್ಲಿ ರಾಗಿಹುಲ್ಲಿನ ಮೆದೆಯಿದೆ. ಮರಿ ಇವರದು, ಹುಲ್ಲೂ ದುಡಿಮೆಯೂ ಅವರದು, ಹಿಂಡಿ ಲಸಿಕೆಗಳ ಖರ್ಚು ಸಮಸಮ. ಮೂರೂವರೆ ತಿಂಗಳು ಅಲ್ಲಿ; ಗೊಬ್ಬರ ಹೊಲಕ್ಕೇ ಬೀಳುತ್ತದೆ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಟೆಂಪೋದಲ್ಲಿ ಟಿನ್ ಫ್ಯಾಕ್ಟರಿಗೆ. ಕೊಳ್ಳುವವರು ಸೊಂಟದ ಮೇಲೆ ಕೈಯಿಟ್ಟು ನೋಡುವುದು, ಬಾಯಿ ತೆರೆಸಿ ಹಲ್ಲು ಎಣಿಸುವುದು ಇಲ್ಲಿ. ಬೆಲೆ ಕುದುರುವುದೂ ಇಲ್ಲಿ. ಲಾಭ ಹಂಚಿಕೊಳ್ಳುವುದು ಹೇಗೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಾಗಿರಲಿಲ್ಲ. ಅರ್ಧಕ್ಕರ್ಧ ಎಂದು ಇವರು. ಸತ್ತ ಮರಿಯ ನಷ್ಟ ಮರಿಯ ಒಡೆಯನದೇ ಆದರೆ ಮಾತ್ರ ಅರ್ಧ ಎಂದು ಅವರು. ಬಂಧುಗಳ ನಡುವೆ ಇಂಥದನ್ನು ಮರಿ ಕೊಳ್ಳುವ ಮೊದಲೇ, ಸಾಧ್ಯವಾದರೆ ಒಂದು ಚೀಟಿಯಲ್ಲಿ ಬರೆದುಕೊಂಡು ತೀರ್ಮಾನಿಸುವುದು ಮೇಲು.

ಈ ಏರ್ಪಾಡೂ ಶಾಶ್ವತವಾದುದೇನಲ್ಲ. ಹಬ್ಬ ಇನ್ನೂ ಸರಿಯುತ್ತಲೇ ಇರುತ್ತದೆ. 2030ರಲ್ಲಿ ಅದು ಏಪ್ರಿಲ್ ನಡುವಿಗೆ ಬರುತ್ತದೆ. ಆಗ ರಾಗಿ ಬಡಿದ ಹೊಸ ಹುಲ್ಲು ಕಣದಲ್ಲಿರುವಾಗಲೇ ಮರಿ ಕಟ್ಟಬೇಕು, ಹುಲ್ಲು ಅಗ್ಗವಾಗಿ ಸಿಕ್ಕೀತು. 2035ರಲ್ಲಿ ಫೆಬ್ರವರಿಗೆ ಬಂದಾಗ ಮರಿ ಬೆಳೆಯುವುದು ಅಕ್ಟೋಬರಿನಿಂದ ಜನವರಿಯವರೆಗೆ: ಮೊದಲೆರಡು ತಿಂಗಳು ಬದುವಿನ ಹಸಿ ಹುಲ್ಲು, ಅನಂತರ ಕೊಯ್ದ ಹೊಲದ ಕೂಳೆಯ ಮೇವು. ಆಗ ಯೂರಿಯದ ಮೂಟೆಗೆ ಹುಲ್ಲಿನ ಮೆದೆಯಲ್ಲಿ ಕೆಲಸವಿರುವುದಿಲ್ಲ, ರಾಗಿಯ ಪೈರಿಗೆ ಹೋಗಬಹುದು.